ತಗ್ಗಿ ಬಗ್ಗಿ ನಡೆಯುವ ಬೈಕು

ಕ್ರೂಸರ್ ಬೈಕನ್ನು ತಗ್ಗಿಸುವುದು ಎಂದರೆ ಅದರ ಸಸ್ಪೆನ್ಷನ್ನಿಗೆ ಕೈಹಾಕಿ ಇಡೀ ಗಾಡಿಯನ್ನು ನೆಲಕ್ಕೆ ಒಂದೆರಡು ಇಂಚು ಹತ್ತಿರ ತರುವುದು. ಬೈಕುಗಳಲ್ಲಿ ಕ್ರೂಸರ್ ಮೊದಲೇ ಕುಳ್ಳ ಜಾತಿಯದು. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650ರ ಸೀಟು ನೆಲದಿಂದ 740 ಮಿ.ಮೀ. ಮೇಲಿದೆ, ಅಷ್ಟೆ. ಸಾಧಾರಣ ಎತ್ತರದ ಯಾರೇ ಆದರೂ ಎರಡೂ ಪಾದ ಊರಿ ನೆಮ್ಮದಿಯಾಗಿ ಕೂರಬಹುದು. ಆದರೂ ಎತ್ತರದ ಬೈಕು ಕೊಂಡವರು ಗೊಣಗಿ ಸುಮ್ಮನಾಗುತ್ತಾರೆ, ಕುಳ್ಳ ಬೈಕು ಕೊಂಡವರು ಗ್ಯಾರೇಜಿನ ದಾರಿ ಹಿಡಿಯುತ್ತಾರೆ.

ಇದಕ್ಕೆ ಕಾರಣ ಎರಡು. ಕಾಲು ಚೆನ್ನಾಗಿ ನೆಲಕ್ಕೆ ಸಿಗಲಿ ಎಂಬುದು ಒಂದು, ಗಾಡಿ ನೋಡಲು ಚೆನ್ನಾಗಿರಲಿ ಎಂಬುದು ಇನ್ನೊಂದು. ಮನೆಯಲ್ಲಿ ಹೇಳುವುದು ಮೊದಲನೆಯದನ್ನು, ದುಡ್ಡು ಖರ್ಚಾಗುವುದು ಎರಡನೆಯದಕ್ಕೆ. ಮೊದಲನೆಯ ಕಾರಣವನ್ನು ತಮಾಷೆ ಮಾಡುವ ಹಾಗಿಲ್ಲ. ಸೂಪರ್ ಮೀಟಿಯರ್‌ನ ತೂಕ 241 ಕಿಲೋ. ಸಿಗ್ನಲ್ಲಿನಲ್ಲಿ ನಿಂತಾಗ ಊರಿದ ಪಾದದ ಕೆಳಗೆ ರಸ್ತೆಯ ಬದಲು ಗುಂಡಿ ಸಿಕ್ಕಿದರೆ ಅಷ್ಟೂ ತೂಕ ಒಂದೇ ಕಾಲಿನ ಮೇಲೆ ವಾಲುತ್ತದೆ. ಹಾಗೆ ವಾಲಿದ ಗಾಡಿಯನ್ನು ತಡೆದು ನಿಲ್ಲಿಸಿದವರಿಗಿಂತ ಅದರ ಜೊತೆಗೆ ಮೆಲ್ಲಗೆ ಮಲಗಿದವರೇ ಹೆಚ್ಚು. ಎರಡನೆಯ ಕಾರಣಕ್ಕೆ ವಿವರಣೆ ಬೇಕಿಲ್ಲ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕೈಬೆರಳು ತೂರದ ಹಾಗಿದ್ದರೆ ಗಾಡಿಗೆ ಒಂದು ಗತ್ತು ಬರುತ್ತದೆ ಎಂದು ನಂಬಿದವರ ಜೊತೆ ವಾದಿಸಿ ಗೆದ್ದವರಿಲ್ಲ.

ಈ ಚಟದ ಮೂಲ ಅಮೆರಿಕದ್ದು. 1903ರಲ್ಲಿ ಮಿಲ್ವಾಕಿಯಲ್ಲಿ ಶುರುವಾದ ಹಾರ್ಲೆ-ಡೇವಿಡ್‌ಸನ್ ಕಂಪನಿಯ ದೊಡ್ಡ ಬೈಕುಗಳಿಗೆ ಐವತ್ತು ವರ್ಷ ದಾಟಿದರೂ ಹಿಂದುಗಡೆ ಸಸ್ಪೆನ್ಷನ್ನೇ ಇರಲಿಲ್ಲ. ಚಕ್ರ ನೇರವಾಗಿ ಚಾಸಿಗೆ ಬಿಗಿದುಕೊಂಡಿರುತ್ತಿತ್ತು. ಸವಾರನ ಬೆನ್ನಿಗೆ ಸೀಟಿನ ಕೆಳಗಿನ ಸ್ಪ್ರಿಂಗೇ ಗತಿ. 1949ರಲ್ಲಿ ಹೈಡ್ರಾ-ಗ್ಲೈಡ್ ಮಾದರಿಗೆ ಮುಂದೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕು ಬಂತು. 1958ರಲ್ಲಿ ಡ್ಯುಯೋ-ಗ್ಲೈಡ್‌ಗೆ ಹಿಂದೆಯೂ ಶಾಕ್‌ಗಳು ಬಂದವು. ಅಂತೂ ಬೆನ್ನುಮೂಳೆಗೆ ಒಳ್ಳೆಯ ಕಾಲ ಬಂತು ಎನ್ನುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಆ ಶಾಕ್‌ಗಳನ್ನೇ ಕಿತ್ತುಹಾಕಿ, ಹಿಂದೆ ಬಿಗಿಯಾದ ಹಳೇ ಕಾಲದ ಚಾಸಿಗಳಿಗೆ ಎಂಜಿನ್ ಕೂರಿಸಿ ಚಾಪರ್ ಎಂಬ ಬೈಕು ಕಟ್ಟತೊಡಗಿದರು. 1969ರ ‘ಈಸಿ ರೈಡರ್’ ಸಿನಿಮಾ ಆ ಆಕಾರವನ್ನು ಜಗತ್ತಿಗೆಲ್ಲ ತೋರಿಸಿತು. ಇಂಜಿನಿಯರುಗಳು ಹೆಣಗಿ ಕೊಟ್ಟ ಸುಖವನ್ನು ಗಿರಾಕಿಗಳು ಸ್ಪ್ಯಾನರ್ ಹಿಡಿದು ಬಿಚ್ಚಿಡುವುದನ್ನು ನೋಡಿ ಕಂಪನಿ ಜಾಣತನ ಮಾಡಿತು. 1977ರಲ್ಲಿ ತಾನೇ ‘ಲೋ ರೈಡರ್’ ಎಂಬ ಮಾದರಿಯನ್ನು ಮಾರಿತು. 1984ರ ಮಾದರಿಯಾಗಿ ಬಂದ ಸಾಫ್ಟೇಲ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಅದರಲ್ಲಿ ಶಾಕ್‌ಗಳಿದ್ದವು, ಆದರೆ ಗೇರ್‌ಬಾಕ್ಸಿನ ಕೆಳಗೆ ಕಾಣದಂತೆ ಮಲಗಿದ್ದವು. ನೋಡುವವರಿಗೆ ಸವಾರ ಕಷ್ಟಪಡುತ್ತಿದ್ದಾನೆ ಎಂದು ಕಾಣಬೇಕು, ಸವಾರನಿಗೆ ಮಾತ್ರ ಕಷ್ಟವಾಗಬಾರದು.

ತಗ್ಗಿಸುವ ಕೆಲಸ ಸಾಮಾನ್ಯವಾಗಿ ಹಿಂದಿನಿಂದ ಶುರುವಾಗುತ್ತದೆ. ಮರ್ಯಾದೆಯ ದಾರಿ ಎಂದರೆ ಅದೇ ಗಾಡಿಗೆಂದು ತಯಾರಾದ, ಉದ್ದ ಕಡಿಮೆಯಿರುವ ಶಾಕ್ ಜೋಡಿಯನ್ನು ತಂದು ಹಾಕುವುದು. ಅದರ ಸ್ಪ್ರಿಂಗು ಸ್ವಲ್ಪ ಗಡುಸಾಗಿರುತ್ತದೆ, ಬೆಲೆಯೂ ಹಾಗೆಯೇ. ಅಗ್ಗದ ದಾರಿ, ಹಳೇ ಶಾಕ್ ಇಟ್ಟುಕೊಂಡೇ ಅದರ ಕೆಳತುದಿಯನ್ನು ಹಿಂದಕ್ಕೆ ಸರಿಸುವ ಉಕ್ಕಿನ ಪಟ್ಟಿ ಕೂರಿಸುವುದು. ಶಾಕ್ ಹೆಚ್ಚು ಓರೆಯಾಗುತ್ತದೆ, ಗಾಡಿ ಕೆಳಗಿಳಿಯುತ್ತದೆ. ಆದರೆ ಶಾಕ್ ಮೊದಲಿನಷ್ಟೇ ಕುಗ್ಗಬಲ್ಲದು. ಅದು ಪೂರ್ತಿ ಕುಗ್ಗುವ ಮೊದಲೇ ಟೈರು ಮಡ್‌ಗಾರ್ಡಿಗೆ ಮುಟ್ಟಬಹುದು. ಇನ್ನೂ ಅಗ್ಗದ ದಾರಿ ಎಂದರೆ ಸಿ-ಸ್ಪ್ಯಾನರ್ ತೆಗೆದುಕೊಂಡು, ಸ್ಪ್ರಿಂಗನ್ನು ಮೊದಲೇ ಒತ್ತಿಹಿಡಿಯುವ ಪ್ರೀಲೋಡನ್ನು ಕೊನೆಯ ಮೆಟ್ಟಿಲಿಗೆ ಇಳಿಸುವುದು. ಇದರಿಂದ ಗಾಡಿ ತಗ್ಗುವುದಕ್ಕಿಂತ ಕುಸಿಯುತ್ತದೆ ಎನ್ನುವುದೇ ಸರಿ.

ಎಲ್ಲಕ್ಕಿಂತ ಅಗ್ಗದ ದಾರಿಯನ್ನು ಕಣ್ಣಾರೆ ನೋಡಬೇಕಾದರೆ ಫುಟ್‌ಪಾತಿನ ಮೇಲೇ ಅರ್ಧ ಕೆಲಸ ನಡೆಯುವ ಗ್ಯಾರೇಜಿಗೆ ಹೋಗಬೇಕು. ಅಲ್ಲಿ ಸ್ಪ್ರಿಂಗನ್ನು ವೈಸಿಗೆ ಸಿಕ್ಕಿಸಿ, ಗ್ರೈಂಡರ್ ಹಿಡಿದು, ಕಿಡಿ ಹಾರಿಸುತ್ತಾ ಎರಡು ಸುತ್ತು ಕತ್ತರಿಸುತ್ತಾರೆ. “ಒಂದ್ ಇಂಚ್ ಸಾಕಾ ಸರ್, ಎರಡ್ ಇಂಚ್ ಇಳಿಸ್ಲಾ?” ಎಂದು ಕೇಳುವುದು ದರ್ಜಿ ಪ್ಯಾಂಟಿನ ಉದ್ದ ಕೇಳುವ ಧಾಟಿಯಲ್ಲೇ. ಕತ್ತರಿಸಿದ್ದನ್ನು ಮತ್ತೆ ಜೋಡಿಸಿ, ಸೀಟಿನ ಮೇಲೆ ಎರಡೂ ಕೈಯೂರಿ ಮೂರು ಸಲ ಒತ್ತಿ, “ನೋಡಿ ಸರ್, ಹೆಂಗೆ ಆಡ್ತದೆ” ಎನ್ನುತ್ತಾರೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಡುಸಾಗುತ್ತದೆ ಎಂಬುದು ಭೌತಶಾಸ್ತ್ರ. ಕತ್ತರಿಸಿದ ತುದಿ ಸಪಾಟಾಗಿ ಕೂರುವುದಿಲ್ಲ ಎಂಬುದು ಅನುಭವ. ಎರಡೂ ಮುಂದಿನ ಗುಂಡಿಯಲ್ಲಿ ಒಟ್ಟಿಗೆ ಗೊತ್ತಾಗುತ್ತವೆ.

2017ರವರೆಗಿನ ಸಾಫ್ಟೇಲ್ ಈ ಮೆಕ್ಯಾನಿಕ್‌ಗಳಿಗೆಲ್ಲ ಒಂದು ಒಗಟು. ಅದರ ಶಾಕ್‌ಗಳು ಒತ್ತಿದರೆ ಕೆಲಸ ಮಾಡುವುದಿಲ್ಲ, ಎಳೆದರೆ ಮಾಡುತ್ತವೆ. ಚಕ್ರ ಮೇಲೇರಿದಾಗ ಶಾಕ್ ಹಿಗ್ಗುತ್ತದೆ. ಹೀಗಾಗಿ ಆ ಗಾಡಿಯನ್ನು ಗಿಡ್ಡ ಮಾಡಬೇಕಾದರೆ ಶಾಕನ್ನು ಉದ್ದ ಮಾಡಬೇಕು. ಇದನ್ನರಿಯದೆ ಗಿಡ್ಡ ಶಾಕ್ ಹಾಕಿದರೆ ಗಾಡಿ ಎದ್ದು ನಿಲ್ಲುತ್ತದೆ. 2018ರ ಮಾದರಿಯಿಂದ ಕಂಪನಿ ಸೀಟಿನ ಕೆಳಗೆ ಒಂದೇ ಶಾಕ್ ಇಟ್ಟು ಈ ತಲೆಕೆಳಗಾದ ಲೆಕ್ಕವನ್ನು ಕೈಬಿಟ್ಟಿತು.

ಮುಂದುಗಡೆ ಕೆಲಸ ಸುಲಭವಾಗಿ ಕಾಣುತ್ತದೆ. ಫೋರ್ಕಿನ ಕೊಳವೆಗಳನ್ನು ಹಿಡಿದಿರುವ ಕ್ಲಾಂಪುಗಳ ಬೋಲ್ಟ್ ಸಡಿಲಿಸಿ, ಕೊಳವೆಗಳನ್ನು ಒಂದಿಷ್ಟು ಮೇಲಕ್ಕೆ ಜಾರಿಸಿ ಮತ್ತೆ ಬಿಗಿದರೆ ಆಯಿತು. ಎರಡೂ ಕೊಳವೆ ಒಂದೇ ಅಳತೆಗೆ ಜಾರಬೇಕು; ಫೋರ್ಕು ಪೂರ್ತಿ ಕುಗ್ಗಿದಾಗ ಮಡ್‌ಗಾರ್ಡು ಕೆಳಗಿನ ಕ್ಲಾಂಪಿಗೆ ಬಡಿಯಬಾರದು. ಕೊಳವೆ ಮೇಲೇರಲು ಹ್ಯಾಂಡಲ್ ಅಡ್ಡಬರುವ ಗಾಡಿಗಳಲ್ಲಿ ಫೋರ್ಕು ಬಿಚ್ಚಿ, ಎಣ್ಣೆ ಬಸಿದು, ಒಳಗೆ ಗಿಡ್ಡ ಸ್ಪ್ರಿಂಗು ಮತ್ತು ಸ್ಪೇಸರ್ ಇಡಬೇಕಾಗುತ್ತದೆ. ಬಿಚ್ಚಿದ ಮೇಲೆ ಆಯಿಲ್ ಸೀಲ್ ಹೊಸದು ಹಾಕದಿದ್ದರೆ ಅದು ವಾರದೊಳಗೆ ತನ್ನ ಮನಸ್ಸಿನಲ್ಲಿರುವುದನ್ನು ಕೊಳವೆಯ ಮೇಲೆ ಬರೆಯುತ್ತದೆ.

ಇನ್ನು ಪರಿಣಾಮಗಳು. ಬೈಕಿನಿಂದ ತೆಗೆದ ಒಂದಿಂಚು ಎಲ್ಲೂ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಸೂಪರ್ ಮೀಟಿಯರ್‌ನ ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಇರುವುದೇ 101 ಮಿ.ಮೀ. ಅದರಲ್ಲಿ 25 ಹೋದರೆ ಕಾಲು ಭಾಗ ಹೋಯಿತು. ಗುಂಡಿಯ ಹೊಡೆತ ಮಾತ್ರ ಕಡಿಮೆಯಾಗಿಲ್ಲ. ಅಷ್ಟೇ ಹೊಡೆತವನ್ನು ಕಡಿಮೆ ದೂರದಲ್ಲಿ ನುಂಗಬೇಕಾದರೆ ಸ್ಪ್ರಿಂಗು ಗಡುಸಾಗಬೇಕು. ಅದು ನುಂಗದೆ ಬಿಟ್ಟಿದ್ದನ್ನು ಸವಾರನ ಸೊಂಟ ನುಂಗುತ್ತದೆ. ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹ್ಯಾಂಡಲ್ಲೂ ಇಲ್ಲ, ಗುಂಡಿ ಬರುತ್ತಿದೆ ಎಂಬ ಸೂಚನೆಯೂ ಇಲ್ಲ.

ಹಿಂದೆ ಮಾತ್ರ ತಗ್ಗಿಸಿ ಮುಂದೆ ಬಿಟ್ಟರೆ ಇನ್ನೊಂದು ತಾಪತ್ರಯ. ಎರಡು ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 1,500 ಮಿ.ಮೀ. ಇರುವ ಗಾಡಿಯ ಹಿಂಭಾಗ 25 ಮಿ.ಮೀ. ಇಳಿದರೆ ಇಡೀ ಗಾಡಿ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಮುಂದಿನ ಫೋರ್ಕು ಇನ್ನಷ್ಟು ಓರೆಯಾಗುತ್ತದೆ. ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳಲು ಸ್ವಲ್ಪ ಯೋಚಿಸುತ್ತದೆ. ಮುಂದೆ ಮಾತ್ರ ತಗ್ಗಿಸಿದರೆ ಇದರ ಉಲ್ಟಾ, ಹೇಳುವ ಮೊದಲೇ ತಿರುಗುತ್ತದೆ. ಆದ್ದರಿಂದ ಎರಡೂ ಕಡೆ ಸಮನಾಗಿ ಇಳಿಸಬೇಕೆನ್ನುವುದು ಬಲ್ಲವರ ಮಾತು. ಹೆಡ್‌ಲೈಟಿಗೂ ಆ ಒಂದು ಡಿಗ್ರಿ ಅಂಟುತ್ತದೆ. 50 ಮೀಟರ್ ದೂರದಲ್ಲಿ ಬೆಳಕು ಸುಮಾರು 85 ಸೆಂ.ಮೀ. ಮೇಲೇರಿ ಎದುರಿನವರ ಕಣ್ಣಿಗೆ ಬೀಳುತ್ತದೆ. ನಮ್ಮ ಹೆದ್ದಾರಿಗಳಲ್ಲಿ ಎಲ್ಲರೂ ಹೈಬೀಮಿನಲ್ಲೇ ಬರುವುದರಿಂದ ಈ ದೋಷ ಬಹುಕಾಲ ಪತ್ತೆಯಾಗದೆ ಉಳಿಯಬಲ್ಲದು.

ತಿರುವಿನಲ್ಲಿ ವಾಲಿಸಲು ಕ್ರೂಸರಿಗೆ ಮೊದಲೇ ಜಾಗ ಕಡಿಮೆ. ತಗ್ಗಿಸಿದ ಮೇಲೆ ಫುಟ್‌ರೆಸ್ಟ್ ಬೇಗನೆ ರಸ್ತೆಗೆ ತಾಗಿ ಕರ್ರೆನ್ನುತ್ತದೆ. ಫುಟ್‌ರೆಸ್ಟ್ ಮಡಚಿಕೊಳ್ಳುವಂಥದ್ದು, ಅದು ಎಚ್ಚರಿಕೆ ಕೊಟ್ಟಂತೆ. ಅದಾದ ಮೇಲೆ ತಾಗುವ ಸೈಲೆನ್ಸರು, ಚಾಸಿ ಮಡಚಿಕೊಳ್ಳುವುದಿಲ್ಲ, ಚಕ್ರವನ್ನೇ ನೆಲದಿಂದ ಎತ್ತಿಬಿಡುತ್ತವೆ. ಚಾರ್ಮಾಡಿಯಂಥ ಘಾಟಿ ಇಳಿಯುವವರು ಇದನ್ನು ತಿಳಿದೇ ಇಳಿಯುವುದು ಲೇಸು.

ಸೈಡ್ ಸ್ಟ್ಯಾಂಡನ್ನು ಎಲ್ಲರೂ ಮರೆಯುತ್ತಾರೆ. ಗಾಡಿ ಗಿಡ್ಡವಾದರೂ ಸ್ಟ್ಯಾಂಡು ಮೊದಲಿನಷ್ಟೇ ಉದ್ದ. ಹಾಗಾಗಿ ಗಾಡಿ ಎಡಕ್ಕೆ ಒರಗುವ ಬದಲು ಸೆಟೆದು ನಿಲ್ಲುತ್ತದೆ. ಪಕ್ಕದಲ್ಲಿ ಬಸ್ಸು ಜೋರಾಗಿ ಹೋದರೂ ಸಾಕು, ಬಲಕ್ಕೆ ಮಲಗುತ್ತದೆ. ಪರಿಹಾರವಾಗಿ ಸ್ಟ್ಯಾಂಡನ್ನು ಕತ್ತರಿಸಿ ವೆಲ್ಡ್ ಮಾಡಿಸುತ್ತಾರೆ. ಮುಂದೊಂದು ದಿನ ಗಾಡಿಯನ್ನು ಮತ್ತೆ ಎತ್ತರಿಸಿದಾಗ ಅದೇ ಸ್ಟ್ಯಾಂಡು ಗಿಡ್ಡವಾಗಿ ಗಾಡಿ ಎಡಕ್ಕೆ ಮಲಗುತ್ತದೆ.

ಹಂಪುಗಳ ವಿಷಯಕ್ಕೆ ಬಂದರೆ ಲೆಕ್ಕ ಸ್ವಾರಸ್ಯವಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಕೊಟ್ಟ ಮಾನದಂಡದ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಿತ್ತು, 17 ಮೀಟರ್ ತ್ರಿಜ್ಯದ ವೃತ್ತದ ಒಂದು ಚೂರಿನಂತೆ ಬಾಗಿರಬೇಕಿತ್ತು, 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತಿರಬೇಕಿತ್ತು. 12 ಅಡಿ ಅಗಲ, 4 ಇಂಚು ಎತ್ತರದ ಇಂಥ ಉಬ್ಬು 1970ರ ದಶಕದಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿ ರೂಪುಗೊಂಡದ್ದು. ಇಂಥ ಉಬ್ಬಿನ ಮೇಲೆ 1,500 ಮಿ.ಮೀ. ವೀಲ್‌ಬೇಸಿನ ಬೈಕು ನಿಂತರೆ ಎರಡು ಚಕ್ರಗಳ ನಡುವೆ ಉಬ್ಬು ಮೇಲೇಳುವುದು ಬರೀ 17 ಮಿ.ಮೀ. ಸೂಪರ್ ಮೀಟಿಯರ್‌ನ ಹೊಟ್ಟೆಯ ಕೆಳಗೆ 135 ಮಿ.ಮೀ. ಜಾಗವಿದೆ. ಒಂದಿಂಚು ತಗ್ಗಿಸಿದರೂ 110 ಉಳಿಯುತ್ತದೆ. ಸವಾರನ ಭಾರಕ್ಕೆ ಇನ್ನೊಂದಿಷ್ಟು ಇಳಿದರೂ ಚಿಂತೆಯಿಲ್ಲ. ಕಾಗದದ ಮೇಲೆ ಯಾವ ತೊಂದರೆಯೂ ಇಲ್ಲ.

ಆದರೆ ಹಂಪುಗಳೆಲ್ಲ ಕಾಗದದ ಪ್ರಕಾರ ಹುಟ್ಟುವುದಿಲ್ಲ. ಬೀದಿಯಲ್ಲಿ ಯಾರಿಗೋ ಗಾಡಿ ಗುದ್ದುತ್ತದೆ, ಜನ ಸೇರುತ್ತಾರೆ, ಬೆಳಗಾಗುವಷ್ಟರಲ್ಲಿ ಮನೆ ಕಟ್ಟಿ ಉಳಿದ ಕಾಂಕ್ರೀಟಿನ ಒಂದು ದಿಂಡು ರಸ್ತೆಗೆ ಅಡ್ಡ ಬಿದ್ದಿರುತ್ತದೆ. ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ. ಅದು ಎರಡು ಚಕ್ರಗಳ ನಡುವೆ ಇಡಿಯಾಗಿ ಕೂರುತ್ತದೆ. ಅರ್ಧ ಅಡಿ ಎಂದರೆ 150 ಮಿ.ಮೀ.; ಕಂಪನಿ ಕೊಟ್ಟ ಎತ್ತರದಲ್ಲೇ ಹೊಟ್ಟೆ ಸವರುತ್ತದೆ, ತಗ್ಗಿಸಿದ್ದಾದರೆ ಕೇಳುವುದೇ ಬೇಡ. ತಗ್ಗಿಸಿದ ಕ್ರೂಸರ್ ಸವಾರ ಹೀಗೆ ರೋಡ್ಸ್ ಕಾಂಗ್ರೆಸ್ಸಿನ ಸಂಬಳವಿಲ್ಲದ ಇನ್‌ಸ್ಪೆಕ್ಟರ್ ಆಗುತ್ತಾನೆ. ಯಾವ ಬಡಾವಣೆಯ ಯಾವ ಹಂಪು ನಿಯಮದಂತಿದೆ, ಯಾವುದು ಇಲ್ಲ ಎಂಬುದು ಅವನಿಗೆ ಸದ್ದಿನಿಂದಲೇ ಗೊತ್ತು. ಹಂಪಿಗೂ ಮೋರಿಗೂ ನಡುವೆ ಸ್ಕೂಟಿಗಳು ಸವೆಸಿಟ್ಟ ಗೇಣಗಲದ ಹಾದಿಯೊಂದು ಎಲ್ಲ ಕಡೆ ಇರುತ್ತದೆ. ಅಗಲ ಹ್ಯಾಂಡಲ್ಲಿನ ಆ ಭಾರೀ ಗಾಡಿ, ಹಾಲಿನ ಕ್ಯಾನಿನ ಮೊಪೆಡ್ ಹಿಂದೆ ಪಾಳಿಯಲ್ಲಿ ನಿಂತು, ಅದೇ ಹಾದಿಯಲ್ಲಿ ಮೈ ಹಿಡಿ ಮಾಡಿಕೊಂಡು ದಾಟುತ್ತದೆ. ಹಾದಿ ಇಲ್ಲದ ಕಡೆ ಹಿಂದೆ ಕೂತವರಿಗೆ “ಒಂಚೂರು ಇಳೀತೀರಾ?” ಎನ್ನಬೇಕಾಗುತ್ತದೆ. ಅವರು ಇಳಿದು, ಹಂಪು ದಾಟಿ ನಡೆದುಬಂದು, ಮತ್ತೆ ಹತ್ತುವಾಗಿನ ಮುಖಭಾವ ಯಾವ ಕೈಪಿಡಿಯಲ್ಲೂ ನಮೂದಾಗಿಲ್ಲ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿ ತಂದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ ಎನ್ನುತ್ತದೆ. ಸೈಲೆನ್ಸರ್ ಬದಲಿಸಿದವರು ಸಿಕ್ಕಿಬೀಳುವಷ್ಟು ಸುಲಭವಾಗಿ ತಗ್ಗಿಸಿದವರು ಸಿಕ್ಕಿಬೀಳುವುದಿಲ್ಲ, ಏಕೆಂದರೆ ಎತ್ತರಕ್ಕೆ ಸದ್ದಿಲ್ಲ. ಆದರೂ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಕಾಲಿಗೆ ನೆಲ ಸಿಗುವುದಷ್ಟೇ ಉದ್ದೇಶವಾಗಿದ್ದರೆ ಸಸ್ಪೆನ್ಷನ್ ಮುಟ್ಟುವ ಅಗತ್ಯವೇ ಇಲ್ಲ. ಪ್ರತಿ ಊರಿನಲ್ಲೂ ಒಂದು ಕುಷನ್ ವರ್ಕ್ಸ್ ಇರುತ್ತದೆ. ಅಲ್ಲಿ ಸೀಟಿನ ರೆಕ್ಸಿನ್ ಬಿಚ್ಚಿ, ಒಳಗಿನ ಫೋಮನ್ನು ಮೇಲಿನಿಂದ ಒಂದು ಪದರ, ತೊಡೆ ತಾಗುವ ಎರಡೂ ಅಂಚಿನಿಂದ ಒಂದಿಷ್ಟು ಕೆತ್ತಿ ಮತ್ತೆ ಹೊಲಿಯುತ್ತಾರೆ. ಅಂಚಿನದೇ ಮುಖ್ಯ. ಸೀಟು ಕಿರಿದಾದರೆ ಕಾಲು ಸುತ್ತಿ ಬರದೆ ನೇರ ಕೆಳಗಿಳಿಯುತ್ತದೆ, ಎತ್ತರ ಬದಲಾಗದೆಯೂ ಪಾದ ಊರುತ್ತದೆ. ದಪ್ಪ ಅಟ್ಟೆಯ ಬೂಟಿನಿಂದಲೂ ಒಂದು ಬೆರಳಷ್ಟು ಲಾಭವಿದೆ. ಇಷ್ಟು ಸುಲಭದ ಉಪಾಯವನ್ನು ಕ್ರೂಸರಿನವರು ಒಪ್ಪುವುದು ಕಡಿಮೆ, ಏಕೆಂದರೆ ಇದರಿಂದ ಮಡ್‌ಗಾರ್ಡಿಗೂ ಟೈರಿಗೂ ನಡುವಿನ ಅಂತರ ಹಾಗೇ ಉಳಿಯುತ್ತದೆ.

ದುಡ್ಡಿದ್ದವರಿಗೆ ಗಾಳಿ ಸಸ್ಪೆನ್ಷನ್ ಇದೆ. ಗಾಡಿಯಲ್ಲೇ ಒಂದು ಪುಟ್ಟ ಕಂಪ್ರೆಸರ್ ಇರುತ್ತದೆ, ಹ್ಯಾಂಡಲ್ಲಿನಲ್ಲಿ ಒಂದು ಗುಂಡಿ. ಓಡುವಾಗ ಸಾಕಷ್ಟು ಎತ್ತರ. ಹೋಟೆಲಿನ ಮುಂದೆ ನಿಲ್ಲಿಸಿ ಗುಂಡಿ ಒತ್ತಿದರೆ ಬುಸ್ಸೆಂದು ಗಾಳಿ ಬಿಟ್ಟು, ಕೋಲೆಬಸವನ ಹಾಗೆ ಎಲ್ಲರೆದುರು ಮಂಡಿಯೂರುತ್ತದೆ. ಚಂದ ಬೇಕಾದದ್ದು ನಿಂತಾಗ, ಎತ್ತರ ಬೇಕಾದದ್ದು ಓಡುವಾಗ ಎಂಬ ಸತ್ಯವನ್ನು ಒಪ್ಪಿಕೊಂಡ ಉಪಾಯ ಇದು. ಹಾರ್ಲೆ ಕಂಪನಿಯೂ 2021ರ ಪ್ಯಾನ್ ಅಮೆರಿಕ ಎಂಬ ಎತ್ತರದ ಅಡ್ವೆಂಚರ್ ಬೈಕಿನಲ್ಲಿ, ನಿಲ್ಲುವಾಗ ತಾನಾಗಿ ತಗ್ಗಿ, ಹೊರಟ ಮೇಲೆ ತಾನಾಗಿ ಏರುವ ವ್ಯವಸ್ಥೆಯನ್ನು ಕೊಟ್ಟಿತು.

ಕೆಲಸ ಮುಗಿದ ಮೇಲೆ ಬ್ರೇಕಿನ ಹೋಸು ಎಲ್ಲೂ ಸಿಕ್ಕಿಕೊಂಡಿಲ್ಲವೆಂದು, ಚೈನು ಅಥವಾ ಬೆಲ್ಟಿನ ಬಿಗಿ ಸರಿಯಿದೆಯೆಂದು, ಹೆಡ್‌ಲೈಟು ರಸ್ತೆಯನ್ನೇ ನೋಡುತ್ತಿದೆಯೆಂದು ಪರೀಕ್ಷಿಸಬೇಕು. ಒಂದಿಷ್ಟು ದೂರ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಬೇಕು. ಬಿಚ್ಚಿದ ಕಂಪನಿ ಶಾಕ್‌ಗಳನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಡಬೇಕು. ಗಾಡಿ ಮಾರುವ ದಿನ ಬಂದವರು ತಗ್ಗಿಸಿದ ಆಕಾರವನ್ನು ಸುತ್ತು ಹಾಕಿ ಮೆಚ್ಚಿ, ಫೋಟೊ ತೆಗೆದುಕೊಂಡು, ಕೊನೆಗೆ ಕೇಳುವ ಪ್ರಶ್ನೆ “ಒರಿಜಿನಲ್ ಶಾಕಬ್ಸರ್ ಇದೆಯಾ?” ಎಂದೇ.