ಗ್ಯಾರೇಜಿನ ಆಯುಧಪೂಜೆ

ಅಮೆರಿಕದಲ್ಲಿ ಗ್ಯಾರೇಜು ಇರುವುದು ಕಾರಿಗಲ್ಲ. ಕಾರು ಹೊರಗೆ ಬಿಸಿಲಲ್ಲಿ ಬೇಯುತ್ತಿರುತ್ತದೆ. ಒಳಗೆ ಸೋನಾಮಸೂರಿ ಮೂಟೆ, ಹಿಡಿ ಕಿತ್ತ ಸೂಟ್‌ಕೇಸು, ಗಣೇಶನ ಥರ್ಮಾಕೋಲ್ ಮಂಟಪ, ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಮಾಡಿದ ಹಂಪಿಯ ರಟ್ಟಿನ ರಥ ತಣ್ಣಗೆ ಕೂತಿರುತ್ತವೆ. ಈ ಸಂಪತ್ತಿಗೆ ಗುಂಡಿ ಒತ್ತಿದರೆ ತೆರೆಯುವ ಬಾಗಿಲೇ ಬೇಕೆಂದು ಮನೆಯಲ್ಲಿ ಠರಾವಾಯಿತು.

ಸನಿವೇಲ್‌ನ ನಮ್ಮ ಮನೆ ಐವತ್ತರ ದಶಕದ್ದು. ಬಾಗಿಲೂ ಆ ಕಾಲದ್ದೇ. ಮಡಚಿಕೊಳ್ಳುವ ಪಟ್ಟಿಗಳಿಲ್ಲ, ಇಡೀ ಬಾಗಿಲು ಒಂದೇ ಹಲಗೆ. ಎತ್ತಿದರೆ ಕೆಳಗಿನ ಅಂಚು ಎದುರಿದ್ದವರ ಮೊಣಕಾಲಿಗೆ ಒದೆಯುವಂತೆ ಮುಂದೆ ಬಂದು, ಆಮೇಲೆ ಚಾವಣಿಯಡಿ ಅಂಗಾತ ಮಲಗುತ್ತದೆ. ಎರಡೂ ಪಕ್ಕ ಒಂದೊಂದು ದಪ್ಪ ಸ್ಪ್ರಿಂಗು. ನನಗೆ ಆಸೆಯಿದ್ದದ್ದು ಗೋಡೆಗಂಟಿ ಕೂರುವ ಹೊಸ ನಮೂನೆಯ ಮೋಟಾರಿನ ಮೇಲೆ. ರಿಪೇರಿಯವನು ನಕ್ಕುಬಿಟ್ಟ. ಬಾಗಿಲ ಮೇಲೆ ಅಡ್ಡಲಾಗಿರುವ ಉಕ್ಕಿನ ದಂಡ, ಅದಕ್ಕೆ ಸುತ್ತಿಕೊಂಡ ಸ್ಪ್ರಿಂಗು ಇದ್ದರೆ ಆ ಮೋಟಾರು ದಂಡವನ್ನು ತಿರುಗಿಸುತ್ತದೆ. "ನಿಮ್ಮಲ್ಲಿ ದಂಡವೇ ಇಲ್ಲ. ಏನನ್ನು ತಿರುಗಿಸೋದು?"

ಅಸಲಿಗೆ ಬಾಗಿಲನ್ನು ಎತ್ತುವುದು ಮೋಟಾರಲ್ಲ, ಸ್ಪ್ರಿಂಗು. ಬಾಗಿಲು ಇಳಿಯುವಾಗ ಹಿಗ್ಗಿ ಶಕ್ತಿ ಕೂಡಿಟ್ಟುಕೊಂಡು, ಏರುವಾಗ ಅದನ್ನೇ ವಾಪಸು ಕೊಡುತ್ತದೆ. ಅರ್ಧ ಅಶ್ವಶಕ್ತಿಯ ಮೋಟಾರು, ಉದ್ಘಾಟನೆಗೆ ಬಂದ ಮಂತ್ರಿಯ ಹಾಗೆ, ಬರೀ ಕೈ ತಾಗಿಸುತ್ತದೆ. ಆದ್ದರಿಂದ ಪರೀಕ್ಷೆ ಸ್ಪ್ರಿಂಗಿಗೇ: ಬಾಗಿಲನ್ನು ಅರ್ಧಕ್ಕೆತ್ತಿ ಕೈಬಿಟ್ಟರೆ ಅಲ್ಲೇ ನಿಲ್ಲಬೇಕು. ನಮ್ಮದು ಧಡಾರನೆ ಬಿತ್ತು. ಹಿಂದಿನ ಮಾಲೀಕರು ಒಬ್ಬರಾದ ಮೇಲೊಬ್ಬರು ಬಳಿದ ಬಣ್ಣ ಹಲಗೆಯ ಭಾರ ಹೆಚ್ಚಿಸಿತ್ತು, ಸ್ಪ್ರಿಂಗಿಗೆ ವಯಸ್ಸಾಗಿತ್ತು. ತೂಕಕ್ಕೆ ತಕ್ಕ ಹೊಸ ಜೋಡಿ ಬಂದ ಮೇಲೇ ಚಾವಣಿಗೆ ಮೋಟಾರು ಏರಿತು.

ಮೇಲಕ್ಕೆತ್ತುವ ಬಾಗಿಲನ್ನು ಸಿ. ಜಿ. ಜಾನ್ಸನ್ 1921ರಲ್ಲಿ ಮಾಡಿದರು, ಅದಕ್ಕೆ ಮೋಟಾರು ಕೂಡಿಸಿದ್ದು 1926ರಲ್ಲಿ. ನಡುವಿನ ಐದು ವರ್ಷ ಮಳೆಯಲ್ಲಿ ಕಾರಿಳಿದು ಬಾಗಿಲೆತ್ತಿದವರ ಗೊಣಗಾಟವೇ ಮೋಟಾರಿಗೆ ಮೂಲ ಎಂಬುದು ನನ್ನ ಗುಮಾನಿ.

ಮೋಟಾರಿನ ಜೊತೆಗೆ ಬಾಗಿಲ ಎರಡು ಬದಿಗೂ, ನೆಲದಿಂದ ಆರಿಂಚಿನೊಳಗೆ, ಪುಟ್ಟ ಕಣ್ಣುಗಳು ಬಂದವು. ಮಗುವೋ ಬೆಕ್ಕೋ ಅಡ್ಡ ಬಂದರೆ ಬಾಗಿಲು ಇಳಿಯಬಾರದು. ಇಂಥದ್ದೊಂದು ಕಾವಲು ಅಮೆರಿಕದಲ್ಲಿ 1993ರಿಂದ ಕಡ್ಡಾಯ. ಊರಿಂದ ಬಂದಿದ್ದ ಅಮ್ಮ ಆಯುಧಪೂಜೆಯ ದಿನ ಕಾರಿಗೆ, ಮಿಕ್ಸಿಗೆ, ರಿಮೋಟಿಗೆ ಅರಿಶಿನ ಕುಂಕುಮ ಹಚ್ಚಿ, ಉಳಿದದ್ದನ್ನು ಧಾರಾಳವಾಗಿ ಆ ಕಣ್ಣುಗಳಿಗೆ ಮೆತ್ತಿದರು. ತೆರೆದ ಬಾಗಿಲು ಮುಚ್ಚಲೊಲ್ಲದು. ಗುಂಡಿ ಒತ್ತಿದಷ್ಟೂ ಮೋಟಾರಿನ ದೀಪ ಮಿಟಿಮಿಟಿ ಅನ್ನುತ್ತದೆ. ರಸ್ತೆಯಲ್ಲಿ ಹೋಗುವವರಿಗೆಲ್ಲ ನಮ್ಮ ಅಕ್ಕಿಮೂಟೆಯ ದರ್ಶನ.

ಒದ್ದೆ ಬಟ್ಟೆ ಹಿಡಿದು ಮಂಡಿಯೂರಿದೆ.

"ಹಬ್ಬದ ದಿನ ಕುಂಕುಮ ಅಳಿಸ್ತೀಯೇನೋ!"

"ಕಣ್ಣಿಗಲ್ಲಮ್ಮ, ಹಣೆಗಿಡು," ಎಂದು ಗಾಜಿನ ಮೇಲ್ಭಾಗ ತೋರಿಸಿದೆ. ಅಮ್ಮನಿಗೆ ಸರಿಯೆನಿಸಿತು. ಬಾಗಿಲೂ ಇಳಿಯಿತು. ಅದೇ ಭರದಲ್ಲಿ ಯಾರು ಎತ್ತುತ್ತಾರೆ, ಯಾರು ಕೈ ತಾಗಿಸುತ್ತಾರೆ ಎಂಬುದನ್ನೂ ವಿವರಿಸಿದೆ.

"ಮತ್ತೆ ದುಡಿಯೋರನ್ನ ಬಿಟ್ಟು ಮಿಕ್ಕವರಿಗೆಲ್ಲ ಇಡಿಸಿದ್ಯಲ್ಲೋ," ಎಂದವರೇ ಎರಡೂ ಸ್ಪ್ರಿಂಗಿನ ಕಂಬಗಳಿಗೆ ದಪ್ಪ ದಪ್ಪ ಬೊಟ್ಟಿಟ್ಟರು. ಮೋಟಾರಿಗೆ ಏಣಿ ಹತ್ತಬೇಕಿತ್ತು. ಅದಕ್ಕೆ ಮುಂದಿನ ವರ್ಷ ನೋಡೋಣವೆಂದರು.