ಮೂಗಿಲ್ಲದ ಡಬ್ಬ ಮಾಡುವ ಮಹನೀಯರಿಗೊಂದು ಬಹಿರಂಗ ಪತ್ರ

ಇವರಿಗೆ,
ಗಾಜಿನ ಮುಖದ, ಬಣ್ಣದ ದೀಪದ ಕಂಪ್ಯೂಟರ್ ಕ್ಯಾಬಿನೆಟ್ ತಯಾರಿಸುವ ಸಮಸ್ತ ಕಂಪನಿಗಳ ಮುಖ್ಯಸ್ಥರು,
ಎಲ್ಲಿದ್ದೀರೋ ಅಲ್ಲಿಗೇ.

ವಿಷಯ: ತಮ್ಮ ಡಬ್ಬ ರಾತ್ರಿ ಹೊತ್ತು ಮಾಡುವ ಸದ್ದಿಗೆ ಕೃತಜ್ಞತೆ ಸಲ್ಲಿಸುವ ಕುರಿತು.
ಉಲ್ಲೇಖ: ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು, 2000.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಮಾಡಿಕೊಂಡಿರುವವನು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘಗಳ ವಾರ್ಷಿಕ ವರದಿ ನನ್ನ ಹೊಟ್ಟೆಪಾಡು. ಮುಹೂರ್ತಗಳೆಲ್ಲ ಒಟ್ಟಿಗೇ ಬರುವ ತಿಂಗಳುಗಳಲ್ಲಿ ಮನೆಯಲ್ಲೂ ರಾತ್ರಿ ಕೂರಬೇಕಾಗುತ್ತದೆ. ಮನೆಗೆ ಮಗಳು ಆರಿಸಿದ್ದು ತಮ್ಮ ಡಬ್ಬ. ಮುಂದೆ ಮೂರು ಫ್ಯಾನು, ಹಿಂದೆ ಒಂದು, ಪ್ರತಿಯೊಂದಕ್ಕೂ ಏಳು ಬಣ್ಣ. ಆ ಮೂರು ಫ್ಯಾನುಗಳ ಚೆಲುವು ಎಲ್ಲರಿಗೂ ಕಾಣಲೆಂದು ಅವುಗಳ ಎದುರಿಗೇ ಉದ್ದಕ್ಕೂ ಗಾಜು ಕೂರಿಸಿದ್ದೀರಿ. ಗಾಳಿ ಒಳಗೆ ಹೋಗುವುದಕ್ಕೆ ಪಕ್ಕದಲ್ಲಿ ಬೆರಳು ತೂರದಷ್ಟು ಸಂದಿ. ಈ ಧಾರಾಳತನ ಯಾರಿಗೆ ಬರುತ್ತದೆ ಹೇಳಿ.

ಉಲ್ಲೇಖದಲ್ಲಿ ಹೇಳಿರುವ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮೀರುವಂತಿಲ್ಲ. ಕೈಗಾರಿಕಾ ಪ್ರದೇಶಕ್ಕಾದರೆ 70ರವರೆಗೆ ರಿಯಾಯಿತಿ ಉಂಟು. ಹೀಗಾಗಿ ನನ್ನ ಮೇಜಿನ ಕೆಳಗಿನ ಜಾಗವನ್ನಷ್ಟೇ ಕೈಗಾರಿಕಾ ಪ್ರದೇಶವೆಂದು ಘೋಷಿಸುವಂತೆ ಸಂಬಂಧಪಟ್ಟವರಿಗೆ ಅರ್ಜಿ ಕೊಡೋಣವೆಂದಿದ್ದೆ. ಮನೆಯವಳು ಬೇಡವೆಂದಳು, ತೆರಿಗೆ ಏರಿಸಿಬಿಟ್ಟಾರು ಎಂದು.

ತಮ್ಮ ಸದ್ದು ವರ್ಷವಿಡೀ ಕೇಳುವುದಿಲ್ಲ ಎನ್ನುವುದನ್ನೂ ಒಪ್ಪಬೇಕು. ಏಪ್ರಿಲ್‌ನಲ್ಲಿ ತಲೆಯ ಮೇಲೆ ಸೀಲಿಂಗ್ ಫ್ಯಾನು ಗರಗರ ಅನ್ನುತ್ತಿರುತ್ತದೆ, ಅದರ ಮುಂದೆ ತಾವು ಸಂಭಾವಿತರು. ಆಷಾಢದಲ್ಲಿ ಶೀಟಿನ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ತಮ್ಮ ಕಛೇರಿ ಶುರುವಾಗುವುದು ಮಳೆ ನಿಂತು, ಫ್ಯಾನು ಆರಿ, ಊರು ಕಂಬಳಿ ಹೊದ್ದ ಮೇಲೆ. ಡಿಸೆಂಬರ್ ತಿಂಗಳ ಚಳಿಯಲ್ಲೂ ತಮ್ಮ ನಾಲ್ಕು ಫ್ಯಾನುಗಳು ಯಾವ ಸೆಕೆಗೆ ಹೀಗೆ ಒದ್ದಾಡುತ್ತವೆ ಎಂಬುದು ನನಗೆ ಬಿಡಿಸಲಾಗದ ಒಗಟಾಗಿತ್ತು.

ಒಗಟು ಬಿಡಿಸಿದವರು ನಮ್ಮ ಮಾವ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫರ್ನೇಸಿಗೆ ಗಾಳಿ ಊದುವ ಬ್ಲೋವರ್ ನೋಡಿಕೊಂಡೇ ನಿವೃತ್ತರಾದವರು. ಕಂಪ್ಯೂಟರ್ ಆನ್ ಮಾಡುವುದೂ ಅವರಿಗೆ ಬಾರದು. ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಏನ್ರೀ ಅಳಿಯಂದ್ರೇ, ಇದಕ್ಕೆ ಮೂಗೇ ಇಟ್ಟಿಲ್ವಲ್ರೀ’ ಅಂದರು. ದೇವರ ಮನೆಯಿಂದ ಒಂದು ಊದುಬತ್ತಿ ತಂದು ಗಾಜಿನ ಪಕ್ಕದ ಸಂದಿಗೆ ಹಿಡಿದರು. ಹೊಗೆ ಒಳಗೆ ಹೋಗುವ ಯೋಚನೆಯನ್ನೇ ಮಾಡದೆ ನೆಟ್ಟಗೆ ಮೇಲಕ್ಕೆ ಹೋಯಿತು. ಅದೇ ಬತ್ತಿಯನ್ನು ಹಿಂಬದಿಯ ಸಣ್ಣ ಕಂಡಿಗಳ ಹತ್ತಿರ ಹಿಡಿದರು. ಅಲ್ಲಿ ಮಾತ್ರ ಸುಯ್ಯನೆ ಒಳಕ್ಕೆ ಎಳೆದುಕೊಂಡಿತು. ಹಿಂದಿನ ಫ್ಯಾನು ಬಿಸಿಗಾಳಿಯನ್ನು ಹೊರಗೆ ದಬ್ಬುವುದು, ಅದರ ಕೆಳಗಿನ ಕಂಡಿ ಅದನ್ನೇ ವಾಪಸ್ ಒಳಗೆ ಕರೆದುಕೊಳ್ಳುವುದು. ಉಗುಳಿದ್ದನ್ನೇ ನುಂಗುವ ಈ ವ್ಯವಸ್ಥೆಗೆ ತಾವು ಪೆಟ್ಟಿಗೆಯ ಮೇಲೆ ‘ಅತ್ಯುತ್ತಮ ಗಾಳಿ ಸಂಚಾರ’ ಎಂದು ಮುದ್ರಿಸಿದ್ದೀರಿ.

ಮಾವ ಗಾಜನ್ನು ಕಿತ್ತು ಗೋಡೆಗೆ ಒರಗಿಸಿದರು. ಕಾಫಿ ಕುಡಿದು ಮುಗಿಸುವುದರೊಳಗೆ ಫ್ಯಾನುಗಳು ತಾವಾಗಿಯೇ ನಿಧಾನಕ್ಕೆ ಬಂದವು.

ಹಾಗಾದರೆ ಫ್ಯಾನನ್ನೇ ನಿಲ್ಲಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಮಗಳು ಕೇಳಿದಳು. ಭದ್ರಾವತಿಯವರ ಮುಂದೆ ಇಂಥ ಪ್ರಶ್ನೆ ಕೇಳಬಾರದು. 1918ರಲ್ಲಿ ಮೈಸೂರು ಸಂಸ್ಥಾನ ಕೈಹಾಕಿ, ಮಲೆನಾಡಿನ ಕಾಡಿನ ಇದ್ದಿಲು ಉರಿಸಿ, 1923ರಲ್ಲಿ ಕಬ್ಬಿಣ ಹರಿಸಿದ ಕಾರ್ಖಾನೆ ಅದು. ವಿಶ್ವೇಶ್ವರಯ್ಯನವರ ಹೆಸರು ಹೊತ್ತಿದೆ. ಅದೇ ಊರಿನ ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಹುಟ್ಟಿದ್ದು, ಅದರ ಯಂತ್ರಗಳು 2015ರ ಹೊತ್ತಿಗೆ ನಿಂತವು. 2023ರ ಆರಂಭದಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಮಾತು ಬಂದಾಗ ಕಾರ್ಮಿಕರು ಧರಣಿ ಕೂತರು. ‘ಸದ್ದು ನಿಲ್ಸೋದು ಯಾರಿಗೂ ಬರುತ್ತಮ್ಮ, ಸ್ವಿಚ್ ಆಫ್ ಮಾಡಿದ್ರಾಯ್ತು’ ಎಂದಷ್ಟೇ ಹೇಳಿ ಮಾವ ಸ್ಕ್ರೂಡ್ರೈವರ್ ಕೇಳಿದರು.

ಗಾಜಿದ್ದ ಜಾಗಕ್ಕೆ ಗಾಂಧಿ ಬಜಾರಿನಿಂದ ತಂದ ಸೊಳ್ಳೆ ಜಾಲರಿ ಬಂತು. ಕಿಟಕಿಗೆ ಹಾಕುವಂಥದ್ದೇ, ಒಂದು ತುಂಡು. ದೂಳು ತಡೆಯುತ್ತದೆ, ತೊಳೆದು ಮತ್ತೆ ಹಾಕಬಹುದು. ಒಳಗಿನ ದೂಳನ್ನು ಪೇಂಟ್ ಬ್ರಷ್‌ನಲ್ಲಿ ಕೆಡವಿದ್ದಾಯಿತು, ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಲ್ಲಿ ಒತ್ತಿ ಹಿಡಿದುಕೊಂಡು. ಪ್ರೊಸೆಸರ್ ಮತ್ತು ಅದರ ಹೀಟ್ ಸಿಂಕಿನ ನಡುವಿನ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಹಳೆಯದನ್ನು ಒರೆಸಿ ಬಟಾಣಿ ಗಾತ್ರದಷ್ಟು ಹೊಸದು ಹಾಕಿದ್ದಾಯಿತು. ಮುಂದಿನ ಮೂರು ಫ್ಯಾನುಗಳಲ್ಲಿ ಎರಡರ ವೈರು ಕಿತ್ತೆವು. ಮಗಳು ಅತ್ತಳು, ಬಣ್ಣಕ್ಕಾಗಿ. ಉಳಿದ ಫ್ಯಾನುಗಳನ್ನು ಕಂಪ್ಯೂಟರಿನ ಬಯೋಸ್ (BIOS) ಸೆಟ್ಟಿಂಗಿಗೆ ಹೋಗಿ ನಿಧಾನ ಮಾಡಿದೆವು. ಇಲ್ಲಿ ತಮ್ಮ ಎಂಜಿನಿಯರುಗಳಿಗೆ ಗೊತ್ತಿದ್ದೂ ತಾವು ಪೆಟ್ಟಿಗೆಯ ಮೇಲೆ ಮುದ್ರಿಸದ ಲೆಕ್ಕವೊಂದಿದೆ. ಫ್ಯಾನಿನ ವೇಗ ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಹೆಚ್ಚುಕಡಿಮೆ 15 ಡೆಸಿಬೆಲ್ ಇಳಿಯುತ್ತದೆ, ಅದು ತಿನ್ನುವ ಕರೆಂಟು ಎಂಟನೇ ಒಂದು ಪಾಲಿಗೆ ಬರುತ್ತದೆ. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಚಿಪ್ಪುಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ; 60–70ರಲ್ಲಿ ದುಡಿಯಲು ಅವಕ್ಕೆ ಯಾವ ತಕರಾರೂ ಇಲ್ಲ. ಲಗ್ನಪತ್ರಿಕೆಯಲ್ಲಿ ಗಣಪತಿಯ ಚಿತ್ರ ಕೂರಿಸುವಾಗ ಅಷ್ಟೂ ಏರುವುದಿಲ್ಲ. 45 ಡಿಗ್ರಿಗೇ ಮನೆಗೆ ಬೆಂಕಿ ಬಿದ್ದವರಂತೆ ಓಡಾಡಲು ಫ್ಯಾನುಗಳಿಗೆ ಹೇಳಿಕೊಟ್ಟವರು ತಾವೂ, ಮದರ್‌ಬೋರ್ಡ್ ಮಾಡುವ ತಮ್ಮ ದಾಯಾದಿಗಳೂ.

ಹಳೆಯ ಹಾರ್ಡ್ ಡಿಸ್ಕಿನದು ಬೇರೆ ಕಥೆ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಆ ಗುಂಯ್ ಎನ್ನುವ ನಡುಕ ತಮ್ಮ ತೆಳು ತಗಡಿಗೆ ಹತ್ತಿ ಇಡೀ ಡಬ್ಬ ಶ್ರುತಿ ಹಿಡಿಯುತ್ತಿತ್ತು. ಸೈಕಲ್ ಶಾಪಿನಲ್ಲಿ ಬಿಸಾಡಿದ್ದ ಟ್ಯೂಬ್ ಕತ್ತರಿಸಿ ಡಿಸ್ಕಿನ ಕೆಳಗೆ ನಾಲ್ಕು ಚೂರು, ಡಬ್ಬದ ಕಾಲಿಗೆ ನಾಲ್ಕು ಚೂರು. ಇದಕ್ಕೆ ಖರ್ಚು ಸೊನ್ನೆ. ಹಿಂದಿನ ಫ್ಯಾನು ಕಿರುಗುಟ್ಟುತ್ತಿದ್ದುದಕ್ಕೆ ನಡುವಿನ ಸ್ಟಿಕ್ಕರ್ ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ಕೊಬ್ಬರಿ ಎಣ್ಣೆ ಹಾಕಿ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟರು; ಡಿಸೆಂಬರ್‌ನಲ್ಲಿ ತಲೆಗೆ ಹಚ್ಚುವಾಗಲೇ ಅದು ಬಾಟಲಿಯಿಂದ ಇಳಿಯುವುದಿಲ್ಲ. ಕೊನೆಗೆ ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದೆವು. ಸಾಮಾನ್ಯವಾಗಿ ಆ ಒಂದು ಅಂಕಿಗೆ ಟರ್ಬೊ ವೇಗ ನಿಂತುಹೋಗುತ್ತದೆ, ಬಿಸಿ ಹುಟ್ಟುವುದೇ ಕಡಿಮೆಯಾಗುತ್ತದೆ. ಅಕ್ಷರ ಜೋಡಿಸುವವನಿಗೆ ಟರ್ಬೊ ಯಾಕೆ?

ಇಷ್ಟಾದ ಮೇಲೂ ಅಂಗಡಿಯವರು ತಮ್ಮ ಇನ್ನೊಂದು ಸೃಷ್ಟಿಯನ್ನು ಶಿಫಾರಸು ಮಾಡಿದರು: ನೀರಿನ ಕೂಲರ್. ಸಾವಿರಾರು ರೂಪಾಯಿ. ಒಳಗೊಂದು ಪಂಪು, ಅದಕ್ಕೊಂದು ರೇಡಿಯೇಟರು, ರೇಡಿಯೇಟರಿಗೆ ಮತ್ತೆ ಎರಡು ಫ್ಯಾನು. ಸದ್ದು ಹೋಗಲೆಂದು ಸದ್ದಿಗೆ ಇಬ್ಬರು ಜೊತೆಗಾರರನ್ನು ಕೊಡಿಸುವ ತಮ್ಮ ಔದಾರ್ಯ ದೊಡ್ಡದು. ಡಬ್ಬದ ಒಳಗೋಡೆಗೆಲ್ಲ ಅಂಟಿಸುವ ಸ್ಪಂಜಿನ ಹಾಳೆಯನ್ನೂ ತೋರಿಸಿದರು. ಬಿಸಿಯಾಗಿ ಒದ್ದಾಡುತ್ತಿರುವುದಕ್ಕೆ ರಗ್ಗು ಹೊದಿಸುವ ಆ ಉಪಾಯವನ್ನು ನಾವು ವಿನಯದಿಂದ ನಿರಾಕರಿಸಿದೆವು.

ಒಂದು ಮಾತು ತಮ್ಮ ಪರವಾಗಿಯೂ ಹೇಳಬೇಕು. ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಯಾವ ಫ್ಯಾನಿಗೂ ಆಗದು. ಹೊರಗೆ 35 ದಾಟಿದ ದಿನ ಚಿಪ್ಪಿನ ಲೆಕ್ಕವೂ ಅಲ್ಲಿಂದಲೇ ಶುರು. ಆಗ ಡಬ್ಬವನ್ನು ಮೇಜಿನ ಮೂಲೆಯಿಂದ ಎಳೆದು, ಗೋಡೆಯಿಂದ ಒಂದು ಗೇಣು ಮುಂದಕ್ಕಿಟ್ಟು, ಫ್ಯಾನಿಗೆ ಸ್ವಲ್ಪ ಜಾಸ್ತಿ ಓಡಲು ಅನುಮತಿ ಕೊಡುತ್ತೇವೆ. ಸೀಲಿಂಗ್ ಫ್ಯಾನಿನ ಆರ್ಭಟದಲ್ಲಿ ಅದು ಯಾರಿಗೂ ಕೇಳುವುದಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ: ಮುಂದಿನ ಮಾದರಿಯಲ್ಲಿ ಮುಂಭಾಗಕ್ಕೆ ತೂತಿನ ತಗಡು ಹಾಕಿ. ಗಾಜಿಗಿಂತ ಅಗ್ಗ, ತಮಗೂ ಲಾಭ. ದೀಪ ಬೇಕೇ ಬೇಕೆಂದರೆ ತೂತಿನ ಹಿಂದೆ ಇಟ್ಟುಕೊಳ್ಳಿ. ಕಿತ್ತಿಟ್ಟ ಗಾಜು ಸುರಕ್ಷಿತವಾಗಿದೆ. ಅದರ ಮೇಲೆ ಮಾವನ ಊದುಬತ್ತಿಯ ಬೂದಿ ಬಿದ್ದಿದ್ದನ್ನು ಒರೆಸಿಟ್ಟಿದ್ದೇವೆ. ಸಾಗಣೆ ವೆಚ್ಚ ತಾವು ಭರಿಸುವುದಾದರೆ ವಾಪಸ್ ಕಳಿಸಲು ಸಿದ್ಧ.

ಇಂತಿ ತಮ್ಮ ವಿಶ್ವಾಸಿ,
ದುರ್ಗಿಗುಡಿಯ ಒಬ್ಬ ಡಿಟಿಪಿಯವನು

ಪ್ರತಿ:
1. ಮಾವನವರಿಗೆ, ಭದ್ರಾವತಿ – ಮಾಹಿತಿಗಾಗಿ. ಮುಂದಿನ ಸಲ ಬರುವಾಗ ಮಿಕ್ಸಿಯನ್ನೂ ನೋಡಬೇಕಂತೆ.
2. ಮಗಳಿಗೆ – ಕಿತ್ತ ಎರಡು ಫ್ಯಾನು ಅವಳ ಸುಪರ್ದಿಗೆ.