ಪಾಯಿಂಟರ್ ಮೀಮಾಂಸೆ, ಅಥವಾ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಭಾಷ್ಯ

ವಿಷಯ: ಸಿ ಭಾಷೆಯ ಕಂಪೈಲರು ಕೊಡುವ ವಾರ್ನಿಂಗ್ ಪ್ರಮಾಣವೋ, ಬರೀ ಗೊಣಗಾಟವೋ ಎಂಬ ಸಂಶಯ ಹುಬ್ಬಳ್ಳಿ-ಧಾರವಾಡದ ಲ್ಯಾಬುಗಳಲ್ಲಿ ಬಹುಕಾಲದಿಂದ ನೆಲೆಸಿದೆ. ಅದರ ನಿವಾರಣೆಗಾಗಿ ಈ ಗ್ರಂಥ.

ದೃಷ್ಟಾಂತ: ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿದೆ. ಅದೇ ಮೆಮೊರಿ. ಅಲ್ಲಿ ನಿಂತ ರೈಲೇ ಅರೇ. ಬೋಗಿಯ ಬಾಗಿಲಲ್ಲಿ ನಿಂತವನೇ ಪಾಯಿಂಟರ್. ಅವನಿಗೆ ಒಂದು ಕೂಡಿಸಿದರೆ ಒಂದು ಹೆಜ್ಜೆಯಲ್ಲ, ಇಡೀ ಬೋಗಿ ದಾಟಬೇಕು.

ಸೂತ್ರ 1: ಕೊನೆಯ ಬೋಗಿಯ ನಂತರದ ಜಾಗದಲ್ಲಿ ನಿಲ್ಲಬಹುದು, ಹತ್ತುವಂತಿಲ್ಲ.

ಸೂತ್ರ 2: ಅದರಾಚೆ, ಅಥವಾ ಮೊದಲ ಬೋಗಿಗಿಂತ ಮುಂಚೆ, ಹತ್ತದೆ ಬರೀ ನಿಂತರೂ ಅಪರಾಧ.

ಸೂತ್ರ 3: ಎರಡು ಬೇರೆ ರೈಲುಗಳ ಬೋಗಿಗಳ ನಡುವಿನ ಅಂತರವನ್ನು ಕಳೆದು ಲೆಕ್ಕ ಹಾಕಬಾರದು.

ಪೂರ್ವಪಕ್ಷ: “ಪ್ಲಾಟ್‌ಫಾರ್ಮ್ ಇನ್ನೂ ಬೇಕಾದಷ್ಟು ಉಳದೈತಲ್ರೀ ಸರ. ಔಟ್‌ಪುಟ್ಟೂ ಬಂದೈತಿ. ಮತ್ತೇನ್ ಬೇಕ್ರಿ?” ಟರ್ಬೊ ಸಿ ಸಂಪ್ರದಾಯದ ಹಿರಿಯರು ಇನ್ನೂ ಒಂದು ಹೆಜ್ಜೆ ಮುಂದೆ: ತಮ್ಮ ಕಂಪೈಲರು ಹುಟ್ಟಿದ್ದು 1987ರಲ್ಲಿ, ಆನ್ಸಿ ಮಾನಕ ಬಂದದ್ದು 1989ರಲ್ಲಿ, ಕಾಯ್ದೆಗಿಂತ ಹಿರಿಯನಿಗೆ ಯಾವ ಕಾಯ್ದೆ?

ಖಂಡನೆ: ಮಾನಕ ನೋಡುವುದು ರೈಲನ್ನು, ಪ್ಲಾಟ್‌ಫಾರ್ಮನ್ನಲ್ಲ. ಕಾಲಡಿ ಕಾಂಕ್ರೀಟು ಇದ್ದ ಮಾತ್ರಕ್ಕೆ ನಿಂತದ್ದು ಸಿಂಧುವಾಗದು.

ಸಿದ್ಧಾಂತ: ಇಲ್ಲೊಂದು ಪರಮ ವಿಚಿತ್ರವಿದೆ. ವಾಯ್ಡ್ ಪಾಯಿಂಟರಿಗೆ ಬೋಗಿಯ ಉದ್ದವೇ ಗೊತ್ತಿಲ್ಲ. ಅದಕ್ಕೆ ಒಂದು ಕೂಡಿಸುವುದು ನಿರ್ಬಂಧದ ಉಲ್ಲಂಘನೆ. ಕಂಪೈಲರು ತಕರಾರು ಎತ್ತಲೇಬೇಕೆಂದು ಮಾನಕದ ಆಜ್ಞೆ. ಜಿಸಿಸಿ ಎಂಬ ಕಂಪೈಲರು ಮಾತ್ರ ವಾಯ್ಡಿನ ಗಾತ್ರ ಒಂದು ಬೈಟ್ ಎಂದು ತಾನೇ ತೀರ್ಮಾನಿಸಿ ಸುಮ್ಮನಾಗುತ್ತದೆ. ‘ವಾಲ್’ ಆಯ್ಕೆ ಕೊಟ್ಟರೂ ಬಾಯಿ ಬಿಡದು, ‘ಎಕ್ಸ್‌ಟ್ರಾ’ ಸೇರಿಸಿದರೂ ಬಿಡದು. ‘ಪೆಡಾಂಟಿಕ್’ ಎಂದರೆ ಗೊಣಗುತ್ತದೆ. ಲೆಕ್ಕವೇನೋ ಜಿಸಿಸಿಯಲ್ಲಿ ಸರಿಯಾಗಿಯೇ ಬರುತ್ತದೆ. ಆದರೆ ಪ್ರೋಗ್ರಾಮಿನ ನೆಲೆಯನ್ನೇ ಕೆಡಿಸಬಲ್ಲ ಎರಡನೇ ಸೂತ್ರದ ಭಂಗಕ್ಕೆ ಒಂದಕ್ಷರದ ಎಚ್ಚರಿಕೆಯನ್ನೂ ಮಾನಕ ಕಡ್ಡಾಯ ಮಾಡಿಲ್ಲ. ಕಂಪೈಲರಿಗೆ ಕಂಡರೆ ಹೇಳಬಹುದು, ಹೇಳದಿದ್ದರೆ ಅದರ ಮೇಲೆ ದೂರಿಲ್ಲ. ಸಣ್ಣ ತಪ್ಪಿಗೆ ಬೊಬ್ಬೆ ಕಡ್ಡಾಯ, ದೊಡ್ಡದಕ್ಕೆ ಮೌನವೂ ಸಮ್ಮತ. ಆದ್ದರಿಂದ ವಾರ್ನಿಂಗ್ ಬಾರದಿರುವುದು ಶುದ್ಧಿಯ ಪ್ರಮಾಣವಲ್ಲ. ಬಂದರೆ ಕಡೆಗಣಿಸುವುದು ಪಾಂಡಿತ್ಯವೂ ಅಲ್ಲ.

ಫಲಶ್ರುತಿ: ವೈವಾ ದಿನ ಬೆಳಿಗ್ಗೆ ಇದನ್ನು ಪಠಿಸಿ, ಮೂರೂ ಆಯ್ಕೆಗಳೊಡನೆ ಕಂಪೈಲ್ ಮಾಡಿದವರಿಗೆ ವಾರ್ನಿಂಗುಗಳ ಸಾಕ್ಷಾತ್ಕಾರವಾಗುವುದು. ಪಠಿಸದವರಿಗೆ ದೊರೆಯುವ ಫಲವನ್ನು ಮಾನಕ ನಿರ್ದಿಷ್ಟಪಡಿಸಿಲ್ಲ. ಏನು ಬೇಕಾದರೂ ಆಗಬಹುದು, ಡಿಸ್ಟಿಂಕ್ಷನ್ ಸಹ.